ದಾರಿ ಕಡಿದಾಗ ಸಂದೇಶದ ಗತಿ

ಗೋಪುರಗಳ ಹಂಗಿಲ್ಲದೆ, ಚಲಿಸುವ ಯಂತ್ರಗಳೇ ಪರಸ್ಪರ ಸಂದೇಶ ಹೊತ್ತು ಸಾಗಿಸುವ ವ್ಯವಸ್ಥೆಗೆ ಅಡ್‌ಹಾಕ್ ಜಾಲವೆಂದು ಹೆಸರು. ಇಲ್ಲಿ ಸಾಗಣೆಯ ನಿಯಮಾವಳಿಗಳನ್ನು ಹೋಲಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ: ಮಾಹಿತಿಯ ಪೊಟ್ಟಣ ಕಳೆದುಹೋದುದೇಕೆ?

1988ರಲ್ಲಿ ವ್ಯಾನ್ ಜೇಕಬ್‌ಸನ್ ವಿವರಿಸಿದ ಕ್ರಮದಂತೆ ಟಿಸಿಪಿಯು ನಷ್ಟವನ್ನು ದಟ್ಟಣೆಯ ಲಕ್ಷಣವೆಂದೆಣಿಸಿ ವೇಗ ತಗ್ಗಿಸುತ್ತದೆ. ತಂತಿಜಾಲಕ್ಕೆ ಇದು ಸರಿ. ಆದರೆ ನಡುವಿನ ಯಂತ್ರವೊಂದು ದೂರ ಸರಿದು ದಾರಿ ಕಡಿದಾಗಲೂ ಅದು ಹಾಗೆಯೇ ಭಾವಿಸಿ, ಕಾಯುವ ಅವಧಿಯನ್ನು ಇಮ್ಮಡಿಗೊಳಿಸುತ್ತ ಹೋಗುತ್ತದೆ. ಹೊಸ ದಾರಿ ದೊರೆತ ಮೇಲೂ ಸುಮ್ಮನಿರುತ್ತದೆ. ಯುಡಿಪಿಯಾದರೋ ಕಾಯದು, ತಲುಪಿತೇ ಎಂದು ವಿಚಾರಿಸಲೂ ಆರದು.

1999ರಲ್ಲಿ ಹಾಲಂಡ್ ಮತ್ತು ವೈದ್ಯ ಇವರು, ದಾರಿ ಕಡಿದ ಸುದ್ದಿಯನ್ನು ಕಳುಹಿಸಿದ ಯಂತ್ರಕ್ಕೇ ನೇರವಾಗಿ ತಿಳಿಸಿದರೆ ಟಿಸಿಪಿ ಸುಧಾರಿಸುವುದೆಂದು ತೋರಿಸಿದರು. ನೆರೆ, ಭೂಕಂಪಗಳಲ್ಲಿ ಗೋಪುರಗಳು ಉರುಳಿದಾಗ ನೆರವಿನ ಕರೆ ಇಂತಹ ಜಾಲದಲ್ಲಿಯೇ ಸಾಗಬೇಕಾದೀತು. ಆಗ ಈ ವ್ಯತ್ಯಾಸವು ಪ್ರಾಣದ ಪ್ರಶ್ನೆಯೇ ಸರಿ.