ಮೇಷ್ಟ್ರಿಗೊಂದು ಸಂಭಾವನೆ

ಸಂಭಾವನೆ ಎಂದರೆ ಇವತ್ತು ಯಾವ ನಟ ಯಾವ ಚಿತ್ರಕ್ಕೆ ಎಷ್ಟು ಕೋಟಿ ಕೇಳಿದ ಎಂಬ ಸುದ್ದಿ ನೆನಪಾಗುತ್ತದೆ. ಹಳಬರಿಗೆ ಪುರೋಹಿತರ ಕೈಗಿಡುವ ದಕ್ಷಿಣೆ ನೆನಪಾದೀತು. ಕನ್ನಡ ಎಂ.ಎ. ಓದಿದವರಿಗೆ ಮಾತ್ರ ಅದೊಂದು ಪುಸ್ತಕ. 1941ರಲ್ಲಿ ಬಿ.ಎಂ. ಶ್ರೀಕಂಠಯ್ಯನವರಿಗೆ ಅರ್ಪಿಸಿದ ಗ್ರಂಥದ ಹೆಸರೇ 'ಸಂಭಾವನೆ'. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತ, ಸಂಜೆಯಾದರೆ ಕನ್ನಡಕ್ಕಾಗಿ ಊರೂರು ಸುತ್ತಿ ಭಾಷಣ ಮಾಡುತ್ತಿದ್ದ ಮೇಷ್ಟ್ರು ಅವರು. ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದವರು, 1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದವರು. ಅಂಥವರಿಗೆ ಶಾಲು ಹೊದಿಸಿ ಕಳಿಸಿದರೆ ಸಾಲದು, ಓದುವಂಥದ್ದೇನಾದರೂ ಕೊಡಬೇಕು ಎಂದು ಆ ಕಾಲದವರಿಗೆ ಅನ್ನಿಸಿತು.

ಅದಕ್ಕೂ ಮುಂಚೆ ನಮ್ಮಲ್ಲಿ ಇದ್ದದ್ದು ಬಿನ್ನವತ್ತಳೆ. ಸುತ್ತ ಬಳ್ಳಿಯ ಅಂಚು, ನಡುವೆ 'ಮಾನ್ಯರೇ' ಎಂದು ಶುರುವಾಗುವ ನಾಲ್ಕು ಪ್ಯಾರಾ, ಕೆಳಗೆ 'ತಮ್ಮ ವಿಧೇಯರು'. ಯಾರೋ ಒಬ್ಬ ಗಟ್ಟಿ ಗಂಟಲಿನವನು ವೇದಿಕೆಯಲ್ಲಿ ಅದನ್ನು ಓದಬೇಕು, ಕಟ್ಟು ಹಾಕಿಸಿ ಕೈಗೆ ಕೊಡಬೇಕು. ನಿವೃತ್ತ ಮೇಷ್ಟ್ರ ಮನೆಗೆ ಹೋದರೆ ಪಡಸಾಲೆಯ ಗೋಡೆಯಲ್ಲಿ, ಗಾಜಿನ ಹಿಂದೆ, ಇಂಥ ಎರಡು ಮೂರಾದರೂ ಮಾಸುತ್ತ ನೇತಾಡುತ್ತಿದ್ದವು. ಅವುಗಳನ್ನು ಎರಡನೇ ಸಲ ಓದಿದವರನ್ನು ನಾನಂತೂ ಕಂಡಿಲ್ಲ.

ಗುರುವಿಗೆ ಪುಸ್ತಕ ಕೊಡುವ ರೂಢಿ ವಿಶ್ವವಿದ್ಯಾನಿಲಯಗಳಲ್ಲಿ ಬೆಳೆದದ್ದು ಜರ್ಮನಿಯಲ್ಲಿ. ರೋಮ್ ಚರಿತ್ರೆಯ ಮಹಾಪಂಡಿತ ಥಿಯೊಡೋರ್ ಮೊಮ್‌ಸೆನ್‌ಗೆ ಅರವತ್ತು ತುಂಬಿದ 1877ರಲ್ಲಿ ಲ್ಯಾಟಿನ್ ಹೆಸರಿನ ದಪ್ಪ ಗ್ರಂಥವೊಂದು ಬಂತು. ತುಂಬ ಸಂಶೋಧನ ಲೇಖನಗಳೇ. ನಮ್ಮ ಪಕ್ಕದ ಪುಣೆಯಲ್ಲಿ ರಾಮಕೃಷ್ಣ ಗೋಪಾಲ ಭಂಡಾರಕರರಿಗೆ ಎಂಬತ್ತಾದಾಗ, 1917ರಲ್ಲಿ, ಅಂಥದೇ ಪ್ರಬಂಧಗಳ ಸಂಪುಟ ಒಪ್ಪಿಸಿದರು. ಅವರ ಹೆಸರಿನ ಸಂಶೋಧನ ಮಂದಿರ ಹುಟ್ಟಿದ್ದೂ ಅದೇ ಹುಟ್ಟುಹಬ್ಬದ ದಿನ. ಈ ರೂಢಿ ಕನ್ನಡಕ್ಕೆ ಬಂದಾಗ ಹೊರಗಿನದೆಂದು ಅನ್ನಿಸಲೇ ಇಲ್ಲ. ಅರವತ್ತಕ್ಕೆ ಷಷ್ಟ್ಯಬ್ದಿ ಮಾಡುವ ಊರು ನಮ್ಮದು. ನಿವೃತ್ತಿಯೂ ಆ ಆಸುಪಾಸಿನಲ್ಲೇ ಬರುತ್ತದೆ. ಮನೆಯಲ್ಲಿ ಹೋಮ, ವಿಭಾಗದಲ್ಲಿ ಗ್ರಂಥ.

ಹೆಸರಿಡುವುದರಲ್ಲಿ ಕನ್ನಡದವರು ಜರ್ಮನರನ್ನು ಮೀರಿಸಿದರು ಎಂದೇ ನನ್ನ ಅಭಿಪ್ರಾಯ. ಡಿ.ಎಲ್. ನರಸಿಂಹಾಚಾರ್ಯರಿಗೆ 1967ರಲ್ಲಿ ಕೊಟ್ಟದ್ದು 'ಉಪಾಯನ', ಅಂದರೆ ಕಾಣಿಕೆ. ತೀ.ನಂ. ಶ್ರೀಕಂಠಯ್ಯನವರು ತೀರಿಕೊಂಡ ಮೇಲೆ ಬಂದ ಸ್ಮರಣ ಗ್ರಂಥ 'ಶ್ರೀಕಂಠತೀರ್ಥ': ಹೆಸರೂ ಅವರದೇ, ತೀರ್ಥವೂ ಅವರದೇ. ಎಂ.ಎಂ. ಕಲಬುರ್ಗಿಯವರು ತಮ್ಮ ಸಂಶೋಧನ ಸಂಪುಟಗಳನ್ನು 'ಮಾರ್ಗ' ಎಂದು ಕರೆದುಕೊಂಡಿದ್ದರು. ಅಭಿನಂದನ ಗ್ರಂಥಕ್ಕೆ 'ಮಹಾಮಾರ್ಗ' ಎಂದಿಟ್ಟವರು ಒಂದೇ ಪದದಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿಬಿಟ್ಟರು.

ಒಳಗಿನ ಅಚ್ಚು ಹೆಚ್ಚುಕಡಿಮೆ ಒಂದೇ. ಮೊದಲು ನೆನಪುಗಳು: ಮೇಷ್ಟ್ರ ಕೋಟು, ಸಿಟ್ಟು, ಅವರ ಮನೆಯ ಕಾಫಿ. ಆಮೇಲೆ ಅವರ ಕೃತಿಗಳ ಮೇಲಿನ ಬರಹ. ಮೂರನೆಯದು ಅವರು ದುಡಿದ ವಿಷಯಗಳನ್ನು ಹಿಡಿದು ಇತರರು ಬರೆದ ಲೇಖನಗಳು: ಒಂದು ಶಾಸನದ ಪಾಠ, ಪಂಪನ ಒಂದು ಪದದ ಅರ್ಥ, ಛಂದಸ್ಸಿನ ಒಂದು ತಂಟೆ. ಕೊನೆಯಲ್ಲಿ ಗ್ರಂಥಸೂಚಿ, ಫೋಟೊಗಳು, ವಂತಿಗೆ ಕೊಟ್ಟವರ ಪಟ್ಟಿ. ಮೂರನೆಯ ಭಾಗ ಗಟ್ಟಿಯಿದ್ದರೆ ಪುಸ್ತಕ ಐವತ್ತು ವರ್ಷ ಬಾಳುತ್ತದೆ. ಮೊದಲ ಭಾಗವೇ ಉಬ್ಬಿದರೆ ಅದು ಬಿನ್ನವತ್ತಳೆಯ ಒಂಬೈನೂರು ಪುಟದ ಆವೃತ್ತಿ. ಈಚಿನವುಗಳಲ್ಲಿ ಎರಡನೆಯ ಜಾತಿಯೇ ಜಾಸ್ತಿ, ಹೇಳದೆ ವಿಧಿಯಿಲ್ಲ. ಇನ್ನೊಂದು ತೊಂದರೆ: ಒಳ್ಳೆಯ ಲೇಖನವೊಂದು ಇಂಥ ಗ್ರಂಥದೊಳಗೆ ಬಿದ್ದರೆ ಹುಡುಕುವವನಿಗೆ ಸುಲಭಕ್ಕೆ ಸಿಗುವುದಿಲ್ಲ. ಹಳಗನ್ನಡದ ಮೇಲಿನ ಬರಹ ಯಾರದೋ ಷಷ್ಟ್ಯಬ್ದಿಯ ಪುಸ್ತಕದಲ್ಲಿದೆ ಎಂದು ಯಾರಿಗೆ ಹೊಳೆದೀತು?

ತಯಾರಿಯ ಕಥೆಯೇ ಬೇರೆ. ಮೊದಲು ಸಮಿತಿ. ಅದಕ್ಕೊಬ್ಬರು ಗೌರವಾಧ್ಯಕ್ಷರು, ಹೆಸರಿಗೆ. ಕಾರ್ಯದರ್ಶಿ ಒಬ್ಬ, ದುಡಿಯಲಿಕ್ಕೆ. ರಸೀದಿ ಪುಸ್ತಕ ಅಚ್ಚಾಗುತ್ತದೆ, ಹಳೆಯ ವಿದ್ಯಾರ್ಥಿಗಳ ವಿಳಾಸ ಹುಡುಕಾಟ ಶುರುವಾಗುತ್ತದೆ. ಲೇಖನ ಕಳಿಸುತ್ತೇನೆ ಎಂದವರು ಮೂರು ಜ್ಞಾಪನ ಪತ್ರ ಹೋದರೂ ಕಳಿಸುವುದಿಲ್ಲ. ಸಮಾರಂಭದ ಬೆಳಿಗ್ಗೆ ಬೈಂಡಿಂಗ್ ಆದ ಐದೋ ಆರೋ ಪ್ರತಿ, ಇನ್ನೂ ಅಂಟು ಒಣಗದೆ, ಆಟೊದಲ್ಲಿ ಬರುತ್ತವೆ. ಬಣ್ಣದ ಕಾಗದ ಸುತ್ತಿ, ಟೇಪು ಕಟ್ಟಿ ವೇದಿಕೆಗೆ. ಗಣ್ಯರು ಬಿಚ್ಚಿ ಎದೆಯ ಮಟ್ಟಕ್ಕೆ ಹಿಡಿದು ಕ್ಯಾಮೆರಾಕ್ಕೆ ತೋರಿಸುತ್ತಾರೆ. ಮಿಕ್ಕ ಪ್ರತಿಗಳು ಬರುವುದು ಹದಿನೈದು ದಿನದ ಮೇಲೆ.

ವಿದ್ಯಾರ್ಥಿಯಾಗಿದ್ದಾಗ ಅಂಥ ಒಂದು ಗ್ರಂಥದ ಕರಡಚ್ಚು ಹೊರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೇಷ್ಟ್ರಿಗೆ ಗೊತ್ತಾಗಬಾರದು ಎಂದು ಸಮಿತಿಯ ಕಟ್ಟಪ್ಪಣೆ. ಆದರೆ ಗ್ರಂಥಸೂಚಿಗೆ ಅವರ ಮೊದಲ ಲೇಖನದ ವರ್ಷ ಸಿಗಲಿಲ್ಲ. ಅವರನ್ನೇ ಕೇಳದೆ ದಾರಿಯಿರಲಿಲ್ಲ. ಹೋದೆ. ಚೀಲದೊಳಗಿನ ಕಾಗದದ ಸುರುಳಿಯನ್ನು ನೋಡಿದರು. "ಅದೇನಯ್ಯಾ, ತೆಗಿ ಇಲ್ಲಿ" ಎಂದರು. ತೆಗೆದೆ. ಕನ್ನಡಕ ಹಣೆಗೇರಿಸಿ, ಕೆಂಪು ಪೆನ್ನು ಹಿಡಿದು ಕೂತರು.

ತಮ್ಮನ್ನು ಹೊಗಳಿದ ಲೇಖನಗಳಲ್ಲಿ 'ಅದ್ವಿತೀಯ', 'ಅಪ್ರತಿಮ' ಎಂದಿದ್ದಲ್ಲೆಲ್ಲ ಗೀಟು ಎಳೆಯುತ್ತ ಹೋದರು. ಮೂರನೆಯ ಭಾಗ ಬಂದಾಗ ಪೆನ್ನು ನಿಂತಿತು. ಅವರ ಒಬ್ಬ ಶಿಷ್ಯ ಒಂದು ಶಾಸನದ ಕಾಲದ ವಿಚಾರದಲ್ಲಿ ಅವರದೇ ಹಳೆಯ ವಾದವನ್ನು ತಪ್ಪೆಂದು ತೋರಿಸಿದ್ದ. ಎರಡು ಸಲ ಓದಿದರು. ಒಳಗೆ ಹೋಗಿ ಒಂದು ಸಂಪುಟ ತಂದು ಪುಟ ತಿರುವಿದರು. ಕಾಫಿ ಆರಿತು. ಕೊನೆಗೆ ಆ ಲೇಖನದಲ್ಲಿ ಎರಡು ಅಚ್ಚಿನ ತಪ್ಪು ತಿದ್ದಿ, "ಇವನು ಸರಿ. ಇದನ್ನ ಮುಂದಕ್ಕೆ ಹಾಕಿ" ಎಂದು ಸುರುಳಿಯನ್ನು ನನ್ನ ಚೀಲಕ್ಕೆ ಸೇರಿಸಿದರು.

ಅದೇ ವರ್ಷ ನಮ್ಮ ವಿಭಾಗದ ಜವಾನರೂ ನಿವೃತ್ತರಾದರು. ಗ್ರಂಥಾಲಯದ ಯಾವ ಪುಸ್ತಕ ಯಾವ ಬೀರುವಿನಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದ ಮನುಷ್ಯ. ಅವರಿಗೆ ಒಂದು ಹಾರ, ಒಂದು ಗೋಡೆ ಗಡಿಯಾರ, ಎಲ್ಲರ ಜೊತೆ ಒಂದು ಗ್ರೂಪ್ ಫೋಟೊ. ಗ್ರಂಥದ ಪ್ರತಿಗಳು ಪ್ರೆಸ್ಸಿನಿಂದ ಬಂದ ದಿನ, ನಿವೃತ್ತರಾಗಿಯೂ ಬಂದು ಕಟ್ಟು ಬಿಚ್ಚಿ ಬೀರುವಿಗೆ ಜೋಡಿಸಿದವರು ಅವರೇ. ಮೇಷ್ಟ್ರು ಒಂದು ಪ್ರತಿಗೆ ಸಹಿ ಹಾಕಿ ಅವರಿಗೆ ಕೊಟ್ಟರು. ಅವರು ಮೊದಲು ತಿರುವಿ ನೋಡಿದ್ದು ಫೋಟೊ ಪುಟಗಳನ್ನು; ಹಿಂದಿನ ಸಾಲಿನಲ್ಲಿ, ಬಾಗಿಲ ಬಳಿ, ತಮ್ಮ ಅರ್ಧ ಮುಖ ಸಿಕ್ಕಿತು.