ಕ್ಯೋಟೋದಲ್ಲಿ ಮೆಕ್‌ಡೊನಾಲ್ಡ್ಸ್ ಬೋರ್ಡಿಗೆ ಬಣ್ಣ ಮಾಸಿತೇ?

ಪ್ರಶ್ನೆ: ಜಪಾನಿನ ಕ್ಯೋಟೋಗೆ ಹೋದಾಗ ಮೆಕ್‌ಡೊನಾಲ್ಡ್ಸ್ ಬೋರ್ಡು ಕೆಂಪಿನ ಬದಲು ಕಂದು ಬಣ್ಣದಲ್ಲಿ ಕಂಡಿತು. ಬಣ್ಣ ಮಾಸಿದೆಯೋ, ಬೇಕೆಂದೇ ಹಾಗಿದೆಯೋ?

ಉತ್ತರ: ಬೇಕೆಂದೇ! ಮೂರು ಕಡೆ ಬೆಟ್ಟ, ನಡುವೆ ಮರದ ದೇಗುಲಗಳು, ಹೆಂಚಿನ ಮನೆಗಳು. ಸಾವಿರ ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿದ್ದ ಈ ಊರಿನ ನೋಟವನ್ನು ಕಾಪಾಡಲು ನಗರಾಡಳಿತ 2007ರಲ್ಲಿ ನಿಯಮಗಳನ್ನು ಬಿಗಿ ಮಾಡಿತು. ಊರಿನ ನಡುಭಾಗದಲ್ಲಿ ಕಟ್ಟಡದ ಗರಿಷ್ಠ ಎತ್ತರ 45 ಮೀಟರಿನಿಂದ 31ಕ್ಕೆ ಇಳಿಯಿತು. ಜೊತೆಗೆ ಬೋರ್ಡುಗಳಿಗೂ ಕಡಿವಾಣ ಬಿತ್ತು.

ಅಲ್ಲಿ ಅಂಗಡಿಯ ಹೊರಗೆ ಬೋರ್ಡು ಹಾಕಲು ಸಾಮಾನ್ಯವಾಗಿ ನಗರಾಡಳಿತದ ಅನುಮತಿ ಬೇಕು. ಅಳತೆ, ಎತ್ತರ, ಬಣ್ಣ ಎಲ್ಲವೂ ಬಡಾವಣೆಯ ನಿಯಮಕ್ಕೆ ಹೊಂದಬೇಕು. ಮಾಳಿಗೆಯ ಮೇಲಿನ ಬೋರ್ಡು, ಮಿಣಮಿಣ ಎಂದು ಹತ್ತಿ ಆರುವ ದೀಪ ಇವೆರಡಕ್ಕೂ ಇಡೀ ನಗರದಲ್ಲಿ ನಿಷೇಧ. ಕತ್ತಲಲ್ಲಿ ಕಣ್ಣಿಗೆ ಹೊಡೆಯುವ ಬೆಳಕು ಅಕ್ಕಪಕ್ಕದ ಹಳೆಯ ಕಟ್ಟಡಗಳನ್ನೇ ಮಂಕಾಗಿಸುತ್ತದಲ್ಲವೇ? ಗಾಢ ಕೆಂಪು, ಹಳದಿಯನ್ನು ಬೋರ್ಡಿನ ತುಂಬ ಬಳಿಯುವುದಕ್ಕೂ ಮಿತಿಯಿದೆ. ಹಾಗಾಗಿ ದೊಡ್ಡ ಕಂಪನಿಗಳೂ ತಮ್ಮ ಬಣ್ಣವನ್ನು ತಗ್ಗಿಸಿಕೊಂಡವು.

ಹಳೆಯ ಬೋರ್ಡುಗಳನ್ನು ರಾತ್ರೋರಾತ್ರಿ ಕಿತ್ತೆಸೆಯಲಿಲ್ಲ. ಬದಲಾಯಿಸಿಕೊಳ್ಳಲು ಏಳು ವರ್ಷ, ಅಂದರೆ 2014ರವರೆಗೆ ಗಡುವು ಕೊಟ್ಟರು.

ನಮ್ಮ ಕರ್ನಾಟಕದಲ್ಲಿ 2024ರ ಕಾನೂನು ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕು ಎನ್ನುತ್ತದೆ. ಇಲ್ಲಿ ಬೋರ್ಡು ಊರಿನ ನುಡಿ ಆಡಬೇಕು. ಅಲ್ಲಿ ಊರಿನ ಬಣ್ಣ ಉಡಬೇಕು.