ಮೊಬೈಲ್ ಬ್ಯಾಟರಿ ಟಾರ್ಚ್ ಸೆಲ್ ಅಲ್ಲ

ಒಂದು ಮಳೆಗಾಲದಲ್ಲಿ ಬಿಳಿಗಿರಿರಂಗನ ಬೆಟ್ಟದ ಕಡೆಯ ಯುವಕನೊಬ್ಬ ಅಂಗೈ ಸುಟ್ಟುಕೊಂಡು ಬಂದಿದ್ದ. ಮಳೆಯಲ್ಲಿ ನೆನೆದ ಮೊಬೈಲನ್ನು ಅವನ ತಂದೆ ಒಣಗಲೆಂದು ಒಲೆಯ ಪಕ್ಕದಲ್ಲಿಟ್ಟಿದ್ದರು. ಅದರ ಬೆನ್ನು ಉಬ್ಬಿತು. ಎತ್ತಿಕೊಳ್ಳಲು ಹೋದಾಗ ಬುಸ್ಸೆಂದು ಹೊಗೆ ಎದ್ದು ಹೊತ್ತಿಕೊಂಡಿತು. ಸುಟ್ಟ ಗಾಯದ ಮೇಲೆ ಟೂತ್‌ಪೇಸ್ಟ್ ಬೇರೆ ಮೆತ್ತಿದ್ದರು.

ತಂದೆಯನ್ನು ಬೈಯುವಂತಿಲ್ಲ. ಟಾರ್ಚಿನ ಸೆಲ್ ಸೋತಾಗ ಬಿಸಿಲಿಗೋ ಒಲೆಯ ಮಗ್ಗುಲಿಗೋ ಇಟ್ಟು ಇನ್ನೆರಡು ರಾತ್ರಿ ಬೆಳಕು ಪಡೆದವರೇ ನಾವೆಲ್ಲ. ಸತ್ತ ಸೆಲ್ ಒಡೆದು ಒಳಗಿನ ಕರಿಪುಡಿಯನ್ನು ಸ್ಲೇಟಿಗೆ ಬಳಿದವರೂ ಉಂಟು. ಆ ಅಭ್ಯಾಸ ಈಗ ಅಪಾಯಕಾರಿ.

1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿಯ ಒಳಗಿನ ದ್ರಾವಣ ಬೆಂಕಿ ಹತ್ತುವಂಥದ್ದು. ಅದರ ಧನ ಮತ್ತು ಋಣ ಪದರಗಳನ್ನು ಬೇರ್ಪಡಿಸಿರುವುದು ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಅತಿಯಾದ ಶಾಖ, ಪೆಟ್ಟು ಅಥವಾ ಚುಚ್ಚುವಿಕೆಯಿಂದ ಈ ಪೊರೆ ಹಾಳಾದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಿ, ಶಾಖವೇ ಶಾಖವನ್ನು ಹುಟ್ಟಿಸುತ್ತಾ ಹೋಗುತ್ತದೆ. ಬ್ಯಾಟರಿ ಉಬ್ಬಿತೆಂದರೆ ಒಳಗೆ ಅನಿಲ ತುಂಬಿದೆ ಎಂದರ್ಥ. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಲೇಬೇಡಿ.

'ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಸಿಡಿಯುತ್ತದೆಯೇ ಡಾಕ್ಟ್ರೇ?' ಎಂದು ಹಲವರು ಕೇಳುತ್ತಾರೆ. ಒಳ್ಳೆಯ ಫೋನ್ ತುಂಬಿದ ಮೇಲೆ ತಾನೇ ಚಾರ್ಜಿಂಗ್ ನಿಲ್ಲಿಸುತ್ತದೆ. ನನಗೆ ಭಯವಿರುವುದು ದಿಂಬು, ಕಂಬಳಿಗಳ ಕೆಳಗೆ ಶಾಖ ಹೊರಹೋಗದೆ ಉಳಿಯುವ ಫೋನಿನ ಬಗ್ಗೆ, ಸಂತೆಯ ಅಗ್ಗದ ಚಾರ್ಜರಿನ ಬಗ್ಗೆ. ಚಾರ್ಜರ್ ಕೊಳ್ಳುವಾಗ ಬಿಐಎಸ್ ನೋಂದಣಿ ಗುರುತು ನೋಡಿ. ಗಟ್ಟಿ ನೆಲ ಅಥವಾ ಮೇಜಿನ ಮೇಲೆ, ಆದಷ್ಟೂ ಎಚ್ಚರವಿರುವಾಗ ಚಾರ್ಜ್ ಮಾಡಿ. ನೆನೆದ ಫೋನನ್ನು ಆಫ್ ಮಾಡಿ ನೆರಳಲ್ಲಿ, ಗಾಳಿಯಲ್ಲಿ ಒಣಗಿಸಿ.

ಹಳೆಯ ಬ್ಯಾಟರಿಯನ್ನು ಕಸದೊಂದಿಗೆ ಸುಡುವುದು ಎಲ್ಲಿಯೂ ಸಲ್ಲದು. ಬೆಟ್ಟದಲ್ಲಂತೂ, ಬೇಸಿಗೆಯ ತರಗೆಲೆ, ಲಂಟಾನ ಪೊದೆಗಳ ನಡುವೆ, ಒಂದು ಕಿಡಿ ಸಾಕು. 2011ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುವ ಈ ಕಾಡಿನೊಳಗೆ ಸೋಲಿಗರ ಪೋಡುಗಳೂ ಇವೆ. ಬೆಟ್ಟಕ್ಕೆ ಬರುವ ಯಾತ್ರಿಕರು ತಮ್ಮ ಹಾಳಾದ ಪವರ್ ಬ್ಯಾಂಕನ್ನು ವಾಪಸು ಒಯ್ಯುವುದೇ ಸರಿ. ಬ್ಯಾಟರಿಯ ತುದಿಗಳಿಗೆ ಟೇಪ್ ಅಂಟಿಸಿ, ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಮಕ್ಕಳ ಕೈಗೆ ಸಿಗದಂತೆ ಇಡಿ. ನಂತರ ಸಂಗ್ರಹ ಕೇಂದ್ರಕ್ಕೋ ಹಳೆಯದನ್ನು ತೆಗೆದುಕೊಳ್ಳುವ ಮೊಬೈಲ್ ಅಂಗಡಿಗೋ ಕೊಡಿ. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಯ್ಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರಿಗೇ ವಹಿಸಿವೆ. ಬೆನ್ನು ತೆಗೆಯಲಾಗದ ಫೋನನ್ನು ಮನೆಯಲ್ಲಿ ಬಿಚ್ಚಬೇಡಿ.

ಸುಟ್ಟರೆ ಕೂಡಲೇ ಉಂಗುರ, ಬಳೆ ತೆಗೆದು 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಿರಿ. ಅರಿಸಿನ, ಶಾಯಿ, ಪೇಸ್ಟ್ ಯಾವುದೂ ಬೇಡ. ಬ್ಯಾಟರಿಯ ಹೊಗೆ ವಿಷಕಾರಿ. ಎಲ್ಲರೂ ಹೊರಗೆ ಬನ್ನಿ. ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಕೆಮ್ಮು, ಉಬ್ಬಸ ಕಾಣಿಸಿಕೊಂಡರೂ, ರಾತ್ರಿಯೇ ಆಗಿರಲಿ, ಆಸ್ಪತ್ರೆಗೆ ಕರೆದೊಯ್ಯಿರಿ.